ಮಲ್ಗ್ರೇವ್‌ನಲ್ಲಿ ಕೆಲಸ, ಟಾರ್ನೀಟ್‌ನಲ್ಲಿ ಮನೆ

ನಮಸ್ಕಾರ.

ಕಳೆದ ಭಾನುವಾರ ನೀವು ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ತಾಯಿಯ ಮನೆಗೆ ಬಂದಾಗ ನಾನು ಮದುವೆಯೊಂದಕ್ಕೆ ಹೊಸಪೇಟೆಗೆ ಹೋಗಿದ್ದೆ. ನೀವು ಬಹಳ ಹೊತ್ತು ಕಾದು, ಕೊನೆಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟು ಹೋದಿರೆಂದು ಅಮ್ಮ ಹೇಳಿದರು. ಕಾಯಂ ವೀಸಾ ಬಂದಿದೆಯೆಂದೂ, ಜೂನ್ ಮೊದಲ ವಾರ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಮೆಲ್ಬರ್ನ್‌ಗೆ ಹೊರಡುತ್ತಿದ್ದೀರೆಂದೂ, ಅಲ್ಲಿನ ಟಾರ್ನೀಟ್ ಬಡಾವಣೆಯಲ್ಲಿರುವ ನಿಮ್ಮ ಗೆಳೆಯರು ತಮ್ಮ ಪಕ್ಕದ ಬೀದಿಯಲ್ಲಿ ಖಾಲಿಯಾಗುತ್ತಿರುವ ಮನೆಯೊಂದರ ಫೋಟೋ ಕಳಿಸಿದ್ದಾರೆಂದೂ ಬರೆದಿದ್ದೀರಿ. ಆ ಮನೆಯನ್ನು ಇಲ್ಲಿಂದಲೇ ಗೊತ್ತು ಮಾಡಿಕೊಳ್ಳಬಹುದೇ, ಆ ಕಡೆ ನಮ್ಮವರು ಹೆಚ್ಚಿರುವುದು ನಿಜವೇ, ರಾತ್ರಿ ಓಡಾಡಲು ಭಯವಿಲ್ಲವೇ, ಬಾಡಿಗೆಗೆಂದು ತಿಂಗಳಿಗೆ ಎಷ್ಟು ತೆಗೆದಿಡಬೇಕು ಎಂಬುದು ನಿಮ್ಮ ಪ್ರಶ್ನೆಗಳು. ಅಕ್ಕಾ ಎಂದು ಕರೆದಿದ್ದೀರಿ, ಹಾಗಾಗಿ ಸುತ್ತುಬಳಸದೆ ಬರೆಯುತ್ತೇನೆ.

ಮನೆಯನ್ನು ಇಲ್ಲಿಂದ ಗೊತ್ತು ಮಾಡಬೇಡಿ. ಅದಕ್ಕೆ ಕಾರಣ ನಿಮ್ಮ ಹಾಳೆಯಲ್ಲೇ ಇದೆ. ಕೆಲಸದ ಪತ್ರದಲ್ಲಿರುವ ಕಚೇರಿ ಮಲ್ಗ್ರೇವ್‌ನಲ್ಲಿದೆ ಎಂದು ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಟಾರ್ನೀಟ್ ಇರುವುದು ನಗರದ ಪಶ್ಚಿಮಕ್ಕೆ, ನಡುನಗರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ. ಮಲ್ಗ್ರೇವ್ ಇರುವುದು ಆಗ್ನೇಯಕ್ಕೆ, ನಡುನಗರದ ಇನ್ನೊಂದು ಬದಿಯಲ್ಲಿ ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ. ಬಳ್ಳಾರಿಯಿಂದ ತೋರಣಗಲ್ಲಿನ ಕಾರ್ಖಾನೆಗೆ ಪಾಳಿಗೆ ಹೋಗುವವರ ಮುಖವನ್ನು ನೀವು ಕಂಡಿದ್ದೀರಿ. ಇದು ಅದಕ್ಕಿಂತ ದೂರದ ದಾರಿ, ಅದೂ ಮಹಾನಗರವೊಂದರ ಹೊಟ್ಟೆಯನ್ನು ಸೀಳಿಕೊಂಡು ಹೋಗುವ ದಾರಿ. ಮಲ್ಗ್ರೇವ್‌ಗೆ ರೈಲು ನಿಲ್ದಾಣವೇ ಇಲ್ಲ. ಟಾರ್ನೀಟ್‌ನಿಂದ ರೈಲು ಹತ್ತಿ, ಮಧ್ಯೆ ಇನ್ನೊಂದು ರೈಲಿಗೆ ಬದಲಿಸಿ, ಸ್ಪ್ರಿಂಗ್‌ವೇಲ್‌ನಲ್ಲೋ ಗ್ಲೆನ್ ವೇವರ್ಲಿಯಲ್ಲೋ ಇಳಿದು ಬಸ್ಸು ಹಿಡಿಯಬೇಕು. ಕಾಯುವ ಹೊತ್ತೂ ಸೇರಿದರೆ ಒಂದು ದಿಕ್ಕಿಗೆ ಒಂದೂವರೆ ಗಂಟೆಗೆ ಕಡಿಮೆಯಾಗುವುದಿಲ್ಲ. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ, ಅವರ ಕಚೇರಿ ಬೇರೆ ಕಡೆ ಇರಬೇಕು ಅಷ್ಟೆ.

ಟಾರ್ನೀಟ್‌ನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮವರು ಅಲ್ಲಿ ಹೆಚ್ಚಿರುವುದು ನಿಜ, ಮನೆಗಳು ಹೊಸವು, ಅದೇ ಬಾಡಿಗೆಗೆ ಒಂದು ಕೋಣೆ ಹೆಚ್ಚೇ ಸಿಗುತ್ತದೆ. ಮೆಲ್ಬರ್ನ್‌ನ ಪಶ್ಚಿಮ ಭಾಗ ಹಳೆಯ ಜ್ವಾಲಾಮುಖಿಗಳ ಲಾವಾ ಹರಿದು ಆದ ಬಯಲು. ಪೂರ್ವದ ಗುಡ್ಡಗಳಿಗಿಂತ ಅಲ್ಲಿ ಮಳೆ ಕಡಿಮೆ, ಬೇಸಿಗೆಯಲ್ಲಿ ಜೇಡಿಮಣ್ಣು ಬಿರಿಯುತ್ತದೆ. ಮೊದಲ ಸಲ ನೋಡಿದಾಗ ನಮ್ಮ ಎರೆಹೊಲಗಳ ನಡುವೆ ಯಾರೋ ಸಾಲುಮನೆ ಕಟ್ಟಿದಂತೆ ಕಂಡು, ಊರು ಬಿಟ್ಟು ಬಂದ ಸಂಕಟ ಅರ್ಧ ಇಳಿದಿತ್ತು. ಆ ಸಮಾಧಾನವೇ ನಮ್ಮನ್ನು ಮೋಸಗೊಳಿಸಿತು.

ನಾವು 2012ರ ಜುಲೈನಲ್ಲಿ ಹೋದೆವು. ನಮ್ಮ ಯಜಮಾನರು ಪರಿಚಯದವರೊಬ್ಬರ ಮಾತು ನಂಬಿ, ಪಶ್ಚಿಮದ ಹೊಸ ಬಡಾವಣೆಯೊಂದರ ಮನೆಗೆ ಬಳ್ಳಾರಿಯಲ್ಲಿ ಕುಳಿತೇ ಒಂದು ವರ್ಷದ ಕರಾರಿಗೆ ಸಹಿ ಹಾಕಿದ್ದರು. ಮನೆ ಫೋಟೋದಲ್ಲಿದ್ದಷ್ಟೇ ಚೆನ್ನಾಗಿತ್ತು. ಅವರು ಬೆಳಿಗ್ಗೆ ಏಳಕ್ಕೆ ಹೊರಟು ಕತ್ತಲಾದ ಮೇಲೆ ಬರುತ್ತಿದ್ದರು. ಎಂಟು ತಿಂಗಳ ಮಗುವಿನೊಂದಿಗೆ ಆ ಬಡಾವಣೆಯಲ್ಲಿ ಬದುಕಬೇಕಾದವಳು ನಾನು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಟಾರ್ನೀಟ್ ರೈಲು ನಿಲ್ದಾಣ ತೆರೆದದ್ದೇ 2015ರಲ್ಲಿ. ಅಂಗಡಿ ಬರುತ್ತದೆ, ಶಾಲೆ ಬರುತ್ತದೆ ಎಂಬ ದೊಡ್ಡ ಫಲಕವೊಂದು ಬಡಾವಣೆಯ ಬಾಯಲ್ಲೇ ನಿಂತಿತ್ತು. ಒಂದು ಮಧ್ಯಾಹ್ನ ಜೋಳದ ಹಿಟ್ಟು ತರಲೆಂದು ಹೋಗಿ, ಹಿಂದಿರುಗುವ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಮುಂದಿನದಕ್ಕೆ ನಲವತ್ತು ನಿಮಿಷವಿತ್ತು. ಬಸ್ ನಿಲ್ದಾಣವೆಂದರೆ ಒಂದು ಕಂಬ, ಕಂಬಕ್ಕೊಂದು ವೇಳಾಪಟ್ಟಿ, ಮೇಲೆ ಸೂರಿಲ್ಲ. ಬಯಲಿನ ಗಾಳಿಗೆ ಮಳೆ ಅಡ್ಡಡ್ಡ ಬೀಸುತ್ತಿತ್ತು. ಮಗುವನ್ನು ಕೋಟಿನೊಳಗೆ ಸೇರಿಸಿಕೊಂಡು ನಿಂತವಳಿಗೆ ಮನೆಗೆ ಬಂದು ನೋಡಿದಾಗಲೇ ತಿಳಿದದ್ದು, ಹಿಟ್ಟಿನ ಚೀಲದ ತಳ ನೆನೆದು ಅರ್ಧ ಹಿಟ್ಟು ಮುದ್ದೆಯಾಗಿತ್ತು. ಕರಾರು ಮುರಿದರೆ ಹೊಸ ಬಾಡಿಗೆದಾರರು ಸಿಗುವವರೆಗಿನ ನಷ್ಟ ನಮ್ಮ ತಲೆಗೇ ಬರುತ್ತದೆಂದು ಹೆದರಿ, ಉಳಿದ ಹನ್ನೊಂದು ತಿಂಗಳನ್ನೂ ಅಲ್ಲಿಯೇ ಕಳೆದೆವು.

ನಿಮ್ಮ ಹಾಳೆಯಲ್ಲಿ ನಿಮ್ಮ ಮನೆಯವರ ಪ್ರಶ್ನೆ ಒಂದೂ ಇಲ್ಲದಿರುವುದನ್ನು ಕಂಡು ಇದನ್ನೆಲ್ಲ ಬರೆದೆ. ಮೊದಲ ಕೆಲವು ತಿಂಗಳು ಹಗಲಿಡೀ ಆ ಬೀದಿಯಲ್ಲಿ ಇರುವವರು ಅವರು ಮತ್ತು ಮಗು. ನಿಮಗೆ ಅದು ಮಲಗುವ ಜಾಗ. ಆದ್ದರಿಂದ ಬಡಾವಣೆ ನೋಡುವ ಕೆಲಸ ಮುಖ್ಯವಾಗಿ ಅವರದು, ತೀರ್ಮಾನವೂ ಹೆಚ್ಚುಪಾಲು ಅವರದೇ ಆಗಿರಲಿ.

ಕಂಪನಿಯವರು ಎರಡು ವಾರದ ವಸತಿ ಕೊಡುತ್ತಾರೆಂದು ಬರೆದಿದ್ದೀರಿ. ಅದರ ಮೇಲೆ ನಿಮ್ಮ ಖರ್ಚಿನಲ್ಲಿ ಇನ್ನೆರಡು ವಾರ ಸೇರಿಸಿ, ಆ ವಸತಿ ಆಗ್ನೇಯದ ರೈಲು ಮಾರ್ಗದಲ್ಲೇ, ಕ್ಲೇಟನ್‌ನಂಥ ನಿಲ್ದಾಣದ ಹತ್ತಿರ ಇರಲಿ ಎಂದು ಕೇಳಿಕೊಳ್ಳಿ. ಕ್ಲೇಟನ್, ಸ್ಪ್ರಿಂಗ್‌ವೇಲ್, ನೋಬಲ್ ಪಾರ್ಕ್, ಡ್ಯಾಂಡಿನಾಂಗ್ ಇವೆಲ್ಲ ಒಂದೇ ಮಾರ್ಗದಲ್ಲಿ ಒಂದರ ನಂತರ ಒಂದು ಸಿಗುತ್ತವೆ. ಗ್ಲೆನ್ ವೇವರ್ಲಿ ಬೇರೊಂದು ಮಾರ್ಗದ ಕೊನೆಯ ನಿಲ್ದಾಣ. ರೈಲು, ಬಸ್ಸುಗಳಿಗೆ ಬಳಸುವ ಮೈಕಿ ಎಂಬ ಕಾರ್ಡು ತೆಗೆದುಕೊಂಡರೆ ದಿನದಲ್ಲಿ ಎಷ್ಟು ಸಲ ಹತ್ತಿ ಇಳಿದರೂ ಒಂದು ಮಿತಿಯ ಮೇಲೆ ಹಣ ಕಡಿತವಾಗುವುದಿಲ್ಲ, ಹಾಗಾಗಿ ಒಂದೇ ದಿನ ನಾಲ್ಕು ನಿಲ್ದಾಣಗಳಲ್ಲಿ ಇಳಿದು ನೋಡುವುದಕ್ಕೆ ಕೈ ಬಿಗಿಹಿಡಿಯಬೇಕಾಗಿಲ್ಲ. ಡ್ಯಾಂಡಿನಾಂಗ್‌ನಲ್ಲಿ ಲಿಟಲ್ ಇಂಡಿಯಾ ಎಂಬ ಬೀದಿಯೇ ಇದೆ. ಸ್ಪ್ರಿಂಗ್‌ವೇಲ್ ವಿಯೆಟ್ನಾಮಿನವರ ಪೇಟೆ. ತಾಜಾ ಕೊತ್ತಂಬರಿ, ಹಸಿಮೆಣಸಿನಕಾಯಿ ಅಲ್ಲಿ ಕೊರತೆಯಾಗುವುದಿಲ್ಲ, ಬೆಳಗಿನ ಗದ್ದಲ ನಮ್ಮ ಕೌಲ್ ಬಜಾರನ್ನು ನೆನಪಿಸುತ್ತದೆ. ನಮ್ಮವರು ಎಂದರೆ ಕನ್ನಡ ಮಾತಾಡುವವರೇ ಆಗಬೇಕಿಲ್ಲ ಎಂಬುದು ನನಗೆ ತಿಳಿದದ್ದು ಅಲ್ಲಿನ ತರಕಾರಿ ಅಂಗಡಿಗಳಲ್ಲಿ.

ಭಾನುವಾರ ಮಧ್ಯಾಹ್ನ ಕಾರಿನಲ್ಲಿ ಸುತ್ತಿದರೆ ಎಲ್ಲ ಬಡಾವಣೆಗಳೂ ಚೆನ್ನಾಗಿಯೇ ಕಾಣುತ್ತವೆ. ಮಂಗಳವಾರವೋ ಬುಧವಾರವೋ ಹೋಗಿ, ನಡೆದು ನೋಡಿ. ನೀವು ಒಂದು ದಿನ ಬೆಳಿಗ್ಗೆ ಏಳೂವರೆಗೆ ಆ ನಿಲ್ದಾಣದಿಂದಲೇ ಹೊರಟು ಕಚೇರಿಯ ಬಾಗಿಲವರೆಗೆ ಹೋಗಿ ಗಡಿಯಾರ ನೋಡಿಕೊಳ್ಳಿ. ಅದೇ ದಿನ ಹನ್ನೊಂದರ ಹೊತ್ತಿಗೆ ನಿಮ್ಮ ಮನೆಯವರು ಮಗುವಿನ ಕೈ ಹಿಡಿದು ಆ ಮನೆಯಿಂದ ದಿನಸಿ ಅಂಗಡಿಗೆ, ಅಲ್ಲಿಂದ ಉದ್ಯಾನಕ್ಕೆ, ಅಲ್ಲಿಂದ ಗ್ರಂಥಾಲಯಕ್ಕೆ ನಡೆಯಲಿ. ಬಡಾವಣೆಯನ್ನು ಅಳೆಯಲು ನಾನು ನಂಬುವ ಜಾಗ ಗ್ರಂಥಾಲಯ. ಅಲ್ಲಿನ ನಗರಸಭೆಗಳ ಗ್ರಂಥಾಲಯಗಳಲ್ಲಿ ಚಿಕ್ಕ ಮಕ್ಕಳಿಗೆ ಉಚಿತವಾಗಿ ಕಥೆ ಹೇಳುವ ಗಂಟೆಯೊಂದು ಇರುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತರೆ ಹಗಲು ಹೊತ್ತಿನಲ್ಲಿ ಆ ಊರಿನಲ್ಲಿ ಯಾರಿದ್ದಾರೆ, ಹೊಸಬರನ್ನು ಮಾತಾಡಿಸುತ್ತಾರೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ನನಗೆ ಆ ದೇಶದಲ್ಲಿ ಸಿಕ್ಕ ಮೊದಲ ಗೆಳತಿ ಅಂಥ ಹಿಂದಿನ ಸಾಲಿನವಳೇ.

ಚಳಿಗಾಲದಲ್ಲಿ ಹೋಗಬೇಕಾಯಿತಲ್ಲ ಎಂದು ನೀವು ಬೇಸರಪಟ್ಟಿದ್ದೀರಿ. ಮನೆ ಹುಡುಕುವವರಿಗೆ ಅದು ಒಳ್ಳೆಯ ಕಾಲ. ಜನವರಿಯಲ್ಲಿ ಎಂಟೂವರೆಯವರೆಗೂ ಬೆಳಕಿರುವುದರಿಂದ ಎಲ್ಲ ಬೀದಿಗಳೂ ಕ್ಷೇಮವಾಗಿ ಕಾಣುತ್ತವೆ. ಜೂನ್‌ನಲ್ಲಿ ಸಂಜೆ ಐದು ಕಾಲಿಗೆಲ್ಲ ಕತ್ತಲಾಗತೊಡಗುತ್ತದೆ. ಆರು ಗಂಟೆಗೆ ನಿಲ್ದಾಣದಿಂದ ಮನೆಯವರೆಗೆ ನಡೆದು ನೋಡಿ, ನಿಮ್ಮ ಭಯದ ಪ್ರಶ್ನೆಗೆ ಬೀದಿದೀಪಗಳೇ ಉತ್ತರ ಹೇಳುತ್ತವೆ. ನಾನು ಹೇಳುವ ಉತ್ತರ ನನ್ನ ಬೀದಿಗಷ್ಟೇ ಸಲ್ಲುತ್ತದೆ. ಮನೆ ಎಷ್ಟು ತಣ್ಣಗಿರುತ್ತದೆ ಎಂಬುದೂ ಆ ತಿಂಗಳಲ್ಲೇ ತಿಳಿಯುವುದು.

ಮಾವನವರು ಪೂರ್ವದ ಬಾಗಿಲಿನ ಮನೆಯೇ ಆಗಬೇಕೆಂದಿರುವುದನ್ನೂ ಬರೆದಿದ್ದೀರಿ. ಅವರಿಗೆ ನೋವಾಗದಂತೆ ಒಂದು ಮಾತು ತಿಳಿಸಿ: ದಕ್ಷಿಣ ಗೋಳಾರ್ಧದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ, ಆದ್ದರಿಂದ ಉತ್ತರಕ್ಕೆ ಕಿಟಕಿಯಿರುವ ಮನೆ ಚಳಿಗಾಲವಿಡೀ ಬಿಸಿಲು ಕಾಣುತ್ತದೆ, ದಕ್ಷಿಣಕ್ಕೆ ಮುಖ ಮಾಡಿದ ಕೋಣೆಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಫೋಟೋದಲ್ಲಿ ದಿಕ್ಕು ಕಾಣಿಸುವುದಿಲ್ಲ, ಫೋನಿನ ದಿಕ್ಸೂಚಿ ತೆರೆದುಕೊಂಡು ಒಳಗೆ ಹೋಗಿ. ಮನೆ ತೋರಿಸುವುದು ಸಾಮಾನ್ಯವಾಗಿ ಹದಿನೈದು ನಿಮಿಷ ಮಾತ್ರ, ನಿಮ್ಮೊಂದಿಗೆ ಇನ್ನಷ್ಟು ಜನ ಸಾಲಿನಲ್ಲಿರುತ್ತಾರೆ. ಆ ಹೊತ್ತಿನಲ್ಲಿ ನಾನು ಗೋಡೆಯನ್ನೂ ನೆಲವನ್ನೂ ಒಮ್ಮೆ ತಟ್ಟಿ ನೋಡುತ್ತೇನೆ. ನಾವು ಆಮೇಲೆ ಇದ್ದ ಕ್ಲೇಟನ್‌ನ ಎರಡನೆಯ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ರೊಟ್ಟಿ ಬಡಿಯುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ನಿಲುವಂಗಿಯಲ್ಲೇ ಮೇಲೆ ಬಂದು, ಇಷ್ಟು ಬೇಗ ಬಡಗಿ ಕೆಲಸ ಯಾಕೆ ಎಂದು ಕೇಳಿದ್ದರು. ಅಂದಿನಿಂದ ಹಲಗೆಯ ಕೆಳಗೆ ಮಡಿಸಿದ ಟವೆಲ್ಲು ಹಾಕುತ್ತೇನೆ.

ಹಣದ ಲೆಕ್ಕ ಹೀಗೆ. ಬಾಡಿಗೆಯನ್ನು ವಾರಕ್ಕೆ ಇಷ್ಟೆಂದು ಹೇಳುತ್ತಾರೆ. ಅದನ್ನು ನಾಲ್ಕರಿಂದ ಗುಣಿಸಬೇಡಿ, 52ರಿಂದ ಗುಣಿಸಿ 12ರಿಂದ ಭಾಗಿಸಿ. ವಾರಕ್ಕೆ 500 ಡಾಲರ್ ಎಂದರೆ ತಿಂಗಳಿಗೆ 2,000 ಅಲ್ಲ, 2,167. ವಾರದ ಬಾಡಿಗೆ 900 ಡಾಲರ್ ಮೀರದ ಮನೆಗೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೇಳುವಂತಿಲ್ಲ, ಆ ಠೇವಣಿಯೂ ಮಾಲೀಕರ ಕೈಯಲ್ಲಿರದೆ ಸರ್ಕಾರದ ಪ್ರಾಧಿಕಾರದಲ್ಲಿ ಇರುತ್ತದೆ. ಮನೆ ನೋಡುವ ಮೊದಲೇ ತನ್ನ ಖಾತೆಗೆ ಹಣ ಕಳಿಸಿ ಎನ್ನುವವನು ಕಳ್ಳನೆಂದೇ ತಿಳಿಯಿರಿ. ಮನೆ ಹಿಡಿದ ಮೇಲೆ ಗೋಡೆಯ ಕಲೆ, ಒಡೆದ ಹಂಚು ಎಲ್ಲವನ್ನೂ ಸ್ಥಿತಿಗತಿಯ ವರದಿಯಲ್ಲಿ ಬರೆದು ಐದು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು.

ಶಾಲೆಯ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸರ್ಕಾರಿ ಶಾಲೆಗಳು ಅಲ್ಲಿ ಚೆನ್ನಾಗಿವೆ, ಆದರೆ ಸೀಟು ಖಚಿತವಾಗಿ ಸಿಗುವುದು ಮನೆಯ ವಿಳಾಸ ಯಾವ ಶಾಲೆಯ ವಲಯದಲ್ಲಿದೆಯೋ ಅಲ್ಲಿ. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು ಆಗಿರಬಹುದು. ಏಪ್ರಿಲ್ 30ರೊಳಗೆ ಐದು ತುಂಬುವ ಮಕ್ಕಳು ಆ ವರ್ಷ ಪ್ರೆಪ್ ಎಂಬ ಶಾಲೆಯ ಮೊದಲ ತರಗತಿಗೆ ಸೇರಬಹುದು. ನಿಮ್ಮ ಮಗಳಿಗೆ ಇನ್ನೂ ಸಮಯವಿದೆ, ವಲಯದ ನಕ್ಷೆಯನ್ನು ಮಾತ್ರ ಕರಾರಿಗೆ ಮೊದಲೇ ನೋಡಿಕೊಳ್ಳಿ.

ನಾನು ಬರುವ ಗುರುವಾರದವರೆಗೆ ಬಳ್ಳಾರಿಯಲ್ಲೇ ಇರುತ್ತೇನೆ. ನಿಮ್ಮ ಮನೆಯವರನ್ನೂ ಕರೆದುಕೊಂಡು ಸಂಜೆ ಐದರ ಮೇಲೆ ಬನ್ನಿ, ಅವರ ಪ್ರಶ್ನೆಗಳನ್ನು ಅವರೇ ಬರೆದುಕೊಂಡು ಬರಲಿ. ಮಂಗಳವಾರ ಮಾತ್ರ ಬೇಡ, ಅಂದು ನಮ್ಮ ಬೀದಿಗೆ ನಲ್ಲಿ ನೀರು ಬಿಡುವ ದಿನ.