ಓದುಗರ ಪ್ರಶ್ನೆಗೆ ಉತ್ತರ: ಡಯಲಿನ ವಯಸ್ಸನ್ನು ಡಯಲನ್ನೇ ಕೇಳಬೇಕು

ಪ್ರಶ್ನೆ: ನನ್ನ ಬಳಿಯಿರುವ ಮುಳುಗುಗಾರರ ಗಡಿಯಾರ, ರೋಲೆಕ್ಸ್ ಸಬ್‌ಮರಿನರ್ ಮಾದರಿ 5513ರ ಹಿಂಬದಿ ಮುಚ್ಚಳದ ಒಳಗೆ 1967ರ ಮುದ್ರೆಯಿದೆ. ಹೊಳಪಿಲ್ಲದ ಕಪ್ಪು ಡಯಲಿನಲ್ಲಿ ಎಷ್ಟು ಆಳದವರೆಗೆ ನೀರು ತಡೆಯುತ್ತದೆಂದು ಹೇಳುವ ಸಾಲಿನಲ್ಲಿ ಅಡಿಯ (ಫೀಟ್) ಲೆಕ್ಕ ಮೊದಲು, ಮೀಟರ್ ಆಮೇಲೆ ಬರುತ್ತದೆ. 6ರ ಗುರುತಿನ ಕೆಳಗೆ ‘ಸ್ವಿಸ್’ ಎಂದಷ್ಟೇ ಇದೆ. ಕತ್ತಲಲ್ಲಿ ಚೆನ್ನಾಗಿ ಬೆಳಗುತ್ತದೆ. ಡಯಲು ಮೂಲದ್ದೇ?

ಉತ್ತರ: ಅಲ್ಲ. ನೀವೇ ಬರೆದ ಮೂರು ಲಕ್ಷಣಗಳೂ ಅದನ್ನೇ ಹೇಳುತ್ತವೆ. ಮುಚ್ಚಳದ ಮುದ್ರೆಯಾಗಲಿ, ಕೇಸಿನ ಪಕ್ಕದಲ್ಲಿ 6ರ ಕಡೆ ಕೊರೆದ ಕ್ರಮಸಂಖ್ಯೆಯಾಗಲಿ ಲೋಹದ ಕವಚದ ವಯಸ್ಸನ್ನು ಹೇಳುತ್ತದೆಯೇ ಹೊರತು ಡಯಲಿನದನ್ನಲ್ಲ. ಮುಳುಗುಗಾರರ ಗಡಿಯಾರಗಳು ದುಡಿಮೆಯ ಸಾಧನಗಳಾಗಿದ್ದವು. ದುರಸ್ತಿಗೆ ಹೋದಾಗ ಮಾಸಿದ ಡಯಲನ್ನು ತೆಗೆದು ಹೊಸದನ್ನು ಕೂರಿಸುವುದನ್ನು ಆಗ ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ.

ಆ ಕಾಲದ 5513ರಲ್ಲಿ ಎರಡು ಬಗೆಯ ಡಯಲುಗಳನ್ನು ನಿರೀಕ್ಷಿಸಬಹುದು. ಮೊದಲನೆಯದು 1960ರ ದಶಕದ ನಡುಭಾಗ ದಾಟುವವರೆಗೂ ಬಳಕೆಯಲ್ಲಿದ್ದ ‘ಗಿಲ್ಟ್’ ಡಯಲು: ಹೊಳೆಯುವ ಕಪ್ಪಿನ ನಡುವೆ ಅಕ್ಷರಗಳು ಬಂಗಾರದ ಬಣ್ಣದಲ್ಲಿ ಕಾಣುತ್ತವೆ, ಅದು ಬಳಿದ ಬಣ್ಣವಲ್ಲ, ಕೆಳಗಿನ ಹಿತ್ತಾಳೆ ಫಲಕವೇ ಇಣುಕುವುದು. ಎರಡನೆಯದು ಅದರ ಬೆನ್ನಿಗೇ ಬಂದ, ಹೊಳಪಿಲ್ಲದ ‘ಮ್ಯಾಟ್’ ಡಯಲು. ಅದರ ಮೊದಲ ಆವೃತ್ತಿಗಳಲ್ಲಿ 200 ಮೀಟರ್ ಮುಂದೆ, 660 ಅಡಿ ಹಿಂದೆ. ಈ ಕ್ರಮ ತಿರುಗಿ ಅಡಿ ಮುಂದೆ ಬಂದದ್ದು 1970ರ ಆಸುಪಾಸಿನಲ್ಲಿ.

ಇನ್ನು ಕೆಳಗಿನ ಬರಹ. 1960ರ ದಶಕದ ಆರಂಭದಲ್ಲಿ, ಕತ್ತಲಲ್ಲಿ ಬೆಳಗುವ ಬಣ್ಣಕ್ಕೆ ವಿಕಿರಣಶೀಲ ರೇಡಿಯಂ ಬಿಟ್ಟು ಟ್ರಿಟಿಯಂ ಬಳಸತೊಡಗಿದ ಮೇಲೆ ‘ಸ್ವಿಸ್ – ಟಿ<25’ ಎಂಬ ಗುರುತು ಬಂತು. ವಿಕಿರಣದ ಪ್ರಮಾಣ 25 ಮಿಲಿಕ್ಯೂರಿಗಿಂತ ಕಡಿಮೆ ಎಂದು ಅದರ ಅರ್ಥ. ಬರಿಯ ‘ಸ್ವಿಸ್’ ಇರುವುದು ರೇಡಿಯಂ ಕಾಲದ ಹಳೆಯ ಡಯಲುಗಳಲ್ಲಿ, ಇಲ್ಲವೇ 1998ರ ಸುಮಾರಿಗೆ ಲೂಮಿನೋವಾ ಎಂಬ ವಿಕಿರಣರಹಿತ ಬೆಳಗುವ ಬಣ್ಣ ಬಂದ ಮೇಲಿನವುಗಳಲ್ಲಿ. ರೇಡಿಯಂ ಡಯಲು ಹೊಳಪಿಲ್ಲದ ಕಪ್ಪಿನಲ್ಲಿ, ಅಡಿಯನ್ನು ಮುಂದಿಟ್ಟು ಬರುವಂತಿಲ್ಲವಾದ್ದರಿಂದ ನಿಮ್ಮದು ದುರಸ್ತಿಯ ವೇಳೆ ಹಾಕಿದ ಲೂಮಿನೋವಾ ಡಯಲು.

ಬೆಳಕೂ ಇದಕ್ಕೆ ಸಾಕ್ಷಿ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷವಾದ್ದರಿಂದ ಐವತ್ತು ವರ್ಷ ಕಳೆಯುವಷ್ಟರಲ್ಲಿ ಹದಿನಾರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಅತಿನೇರಳೆ ದೀಪ ಹಿಡಿದರೆ ಹಳೆಯ ಟ್ರಿಟಿಯಂ ಮಿನುಗಬಹುದು, ಆದರೆ ದೀಪ ಆರಿಸಿದ ಕೆಲವೇ ಕ್ಷಣಗಳಲ್ಲಿ ಅದೂ ಆರುತ್ತದೆ. ಬಹುಹೊತ್ತು ಬೆಳಗುವುದು ಲೂಮಿನೋವಾ. ಮುಳ್ಳುಗಳನ್ನು ಬೇರೆಯಾಗಿಯೇ ಪರೀಕ್ಷಿಸಿ. ಡಯಲಿನ ಚುಕ್ಕೆಗಳು ಬೆಳಗುತ್ತ ಮುಳ್ಳುಗಳು ಮಂಕಾಗಿದ್ದರೆ ಅವು ಹಳೆಯವೇ ಆಗಿರುವ ಸಾಧ್ಯತೆಯಿದೆ, ಆಗ ಅವುಗಳಿಗೆ ಹೊಸ ಬಣ್ಣ ಹಚ್ಚಿಸಲು ದಯವಿಟ್ಟು ಒಪ್ಪಬೇಡಿ.

ಪ್ರಶ್ನೆ: ಸಬ್‌ಮರಿನರ್‌ನ ಇನ್ನೊಂದು ಮಾದರಿಯಾದ 1680ರ ಡಯಲಿನಲ್ಲಿ ಕೆಂಪು ‘ಸಬ್‌ಮರಿನರ್’ ಅಕ್ಷರಗಳ ಅಂಚಿನಲ್ಲಿ ಬಿಳಿ ಕಂಡರೆ ನಕಲಿಯೇ?

ಉತ್ತರ: ಅಷ್ಟರಿಂದಲೇ ಹಾಗೆನ್ನಲಾಗದು. ಕೆಲವು ಆವೃತ್ತಿಗಳಲ್ಲಿ ಕೆಂಪನ್ನು ಬಿಳಿಯ ಮೇಲೆಯೇ ಮುದ್ರಿಸಲಾಗಿತ್ತು. ಭೂತಗನ್ನಡಿಯಡಿ ಅಕ್ಷರಗಳ ಆಕಾರವನ್ನು ಅದೇ ಆವೃತ್ತಿಯ ಖಚಿತ ಮಾದರಿಯೊಂದಿಗೆ ಹೋಲಿಸಿ. ಬಣ್ಣವನ್ನು ಅನುಕರಿಸುವುದು ಸುಲಭ, ಅಕ್ಷರದ ತಿರುವನ್ನು ಅನುಕರಿಸುವುದು ಕಷ್ಟ.