ಸೇನೆಯಿಂದ ನಿವೃತ್ತರಾದ ಅಪ್ಪ ಮಂಡಿ ನೋವಿದ್ದರೂ ದಿನಾ ಓಡುತ್ತಾರೆ. ಬಿಡಿಸಬೇಕಾ?

ನಿಮ್ಮ ತಂದೆಗೆ 46 ವರ್ಷ, ಹವಾಲ್ದಾರ್ ಆಗಿ ನಿವೃತ್ತರಾಗಿ ಚಿತ್ರದುರ್ಗಕ್ಕೆ ಬಂದಿದ್ದಾರೆ, ದಿನಾ ಬೆಳಗ್ಗೆ 12 ವರ್ಷದ ತಮ್ಮನನ್ನೂ ಎಬ್ಬಿಸಿಕೊಂಡು ಜೋಗಿಮಟ್ಟಿ ಗುಡ್ಡದ ಕಡೆ ಓಡುತ್ತಾರೆ, ಈಗ ಮಂಡಿ ನೋವು ಎಂದು ಬರೆದಿದ್ದೀರಿ. ಓಟ ಬಿಡಿಸಬೇಡಿ. ಓಡುವ ಕ್ರಮ ಬದಲಾಯಿಸಿ.

ಗುಡ್ಡ ಹತ್ತುವಾಗ ದಮ್ಮು ಕಟ್ಟುತ್ತದೆ, ಆದರೆ ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ. ಇಳಿಜಾರಿನಲ್ಲಿ ಹೆಜ್ಜೆ ಹೆಜ್ಜೆಗೂ ಮೈಭಾರ ತಡೆದು ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೋತರೆ ಒತ್ತಡವೆಲ್ಲ ಮಂಡಿಚಿಪ್ಪಿನ ಮೇಲೆ. ಯುನಿಟ್‌ನಲ್ಲಿ ಪಿ.ಟಿ. ಉಸ್ತಾದ್ (ಸೇನೆಯ ವ್ಯಾಯಾಮ ತರಬೇತುದಾರ) ಮಾಡಿಸುತ್ತಿದ್ದ ಕಸರತ್ತು, ಸಂಜೆಯ ವಾಲಿಬಾಲ್ ಆ ಸ್ನಾಯುವನ್ನು ಗಟ್ಟಿಯಾಗಿ ಇಟ್ಟಿರುತ್ತವೆ. ಊರಿಗೆ ಬಂದ ಮೇಲೆ ಅವೆಲ್ಲ ನಿಂತು ಬರೀ ಓಟ ಉಳಿಯುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಆರು ವಾರ ಗುಡ್ಡವನ್ನು ನಡೆದೇ ಹತ್ತಲಿ, ನಡೆದೇ ಇಳಿಯಲಿ. ಓಟ ವಾರಕ್ಕೆ ಮೂರೇ ದಿನ, ಒನಕೆ ಓಬವ್ವ ಕ್ರೀಡಾಂಗಣದಂಥ ಸಮತಟ್ಟಾದ ಜಾಗದಲ್ಲಿ. ಮೊದಲು 10 ನಿಮಿಷ ಬಿರುಸು ನಡಿಗೆ, ಆಮೇಲೆ ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ 20 ನಿಮಿಷ ಓಟ. ವಾರಕ್ಕೆ 2–3 ನಿಮಿಷ ಹೆಚ್ಚಿಸಿದರೆ ಸಾಕು. ದೂರ, ವೇಗ ಎರಡನ್ನೂ ಒಂದೇ ವಾರ ಏರಿಸಬಾರದು. ಹಳೆಯ ಟೈಮಿಂಗ್ ನೆನಪಿರುವವರು ಮಾಡುವುದೇ ಅದನ್ನು.

ಓಟವಿಲ್ಲದ ಎರಡು ದಿನ ಮೆಟ್ಟಿಲ ಕಸರತ್ತು ಮಾಡಿಸಿ. ಸುಮಾರು 15 ಸೆಂ.ಮೀ. ಎತ್ತರದ ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ಮೆಲ್ಲಗೆ ಮುಟ್ಟಿಸಿ ಮೇಲೇಳಬೇಕು. ಇಳಿಯಲು ಮೂರು ಸೆಕೆಂಡ್ ತೆಗೆದುಕೊಳ್ಳಲಿ. ಒಂದೊಂದು ಕಾಲಿಗೆ 10 ಸಲ, ಹೀಗೆ ಮೂರು ಸುತ್ತು. ಎದುರಿಗೆ ನಿಂತು ನೋಡಿ: ಮಂಡಿ ಒಳಕ್ಕೆ ವಾಲುತ್ತಿದ್ದರೆ ಎತ್ತರ ಜಾಸ್ತಿಯಾಯಿತು. ಕೆಳಗೊಂದು ದಪ್ಪ ಹಲಗೆ ಇಟ್ಟು ಎತ್ತರ ತಗ್ಗಿಸಿ.

ಮಾಡುವಾಗ ಸ್ವಲ್ಪ ನೋವಿದ್ದು ಮರುದಿನ ಬೆಳಗ್ಗೆಗೆ ಇಳಿದಿದ್ದರೆ ಮುಂದುವರಿಸಬಹುದು. ಊತ ಬಂದರೆ, ಮಂಡಿ ಮಡಚಿದಾಗ ಸಿಕ್ಕಿಹಾಕಿಕೊಂಡರೆ, ನಿಂತಾಗ ಕಾಲು ಕೈಕೊಟ್ಟಂತಾದರೆ ಮೂಳೆ ಡಾಕ್ಟರಿಗೇ ತೋರಿಸಿ. ಬೂಟನ್ನೂ ನೋಡಿ, 600–700 ಕಿ.ಮೀ. ಓಡಿದ ಮೇಲೆ ಅಟ್ಟೆ ಸಾಮಾನ್ಯವಾಗಿ ಸತ್ತಿರುತ್ತದೆ, ಮೇಲಿನ ಬಟ್ಟೆ ಹೊಸದಾಗೇ ಕಂಡರೂ ಸರಿ.

ತಮ್ಮನ ವಿಷಯದಲ್ಲಿ ನಾನು ಖಡಾಖಂಡಿತ: 12ರ ಹುಡುಗನಿಗೆ ದಿನಾ ಐದಾರು ಕಿ.ಮೀ. ಓಟ ಬೇಡ. 40–60 ಮೀಟರ್ ಜೋರು ಓಟ ಆರು ಸಲ, ನಡುವೆ ಪೂರ್ತಿ ವಿಶ್ರಾಂತಿ, ಆಮೇಲೆ ಖೋ ಖೋ, ಕಬಡ್ಡಿ ಏನಾದರೂ ಆಡಲಿ. ತಪ್ಪಿದ್ದಕ್ಕೆ ಶಿಕ್ಷೆಯಾಗಿ ಓಡಿಸಿದರೆ ಹುಡುಗ ಮೈದಾನವನ್ನೇ ದ್ವೇಷಿಸುತ್ತಾನೆ. ಅವನ ನಿದ್ದೆ ಕೆಡಿಸುವುದಕ್ಕಿಂತ ಸಂಜೆ ಕರೆದುಕೊಂಡು ಹೋಗುವುದು ಒಳ್ಳೆಯದು.

ತಂದೆಗೆ ಗುರಿಯೊಂದು ಬೇಕೇ ಬೇಕು. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35 ದಾಟಿದವರಿಗೆ ಐದೈದು ವರ್ಷಕ್ಕೊಂದು ವಯೋಗುಂಪು ಇರುತ್ತದೆ; ಅವರು 45–49ರ ಗುಂಪಿಗೆ ಬರುತ್ತಾರೆ. ಓಟಕ್ಕೆ ಮಂಡಿ ಒಗ್ಗದಿದ್ದರೆ 5000 ಮೀಟರ್ ನಡಿಗೆ ಸ್ಪರ್ಧೆ ಇದೆ. ಅಮ್ಮನಿಗೂ 35 ಆಗಿದ್ದರೆ ಅವರೂ ಇಳಿಯಬಹುದು. ಗುಂಡು ಎಸೆತದಲ್ಲಿ 50ರೊಳಗಿನ ಮಹಿಳೆಯರ ಗುಂಡು 4 ಕೆ.ಜಿ. ಅದಕ್ಕೆ ಮೈದಾನದ ಒಂದು ಖಾಲಿ ಮೂಲೆ ಸಾಕು, ಅಪ್ಪ ಸುತ್ತು ಹಾಕುವ ಹೊತ್ತಿಗೇ ಅವರ ಅಭ್ಯಾಸವೂ ಮುಗಿಯುತ್ತದೆ.