ಬ್ರಿಟನ್‌ನಲ್ಲಿ ಮನೆಯ ಗ್ಯಾಸ್, ಕರೆಂಟಿಗೆ ಯಾವ ಕಂಪನಿ ಅಗ್ಗ? ತಿಂಗಳಿಗೆ 95 ಪೌಂಡಿನದು ತಗೊಳ್ಳಲಾ, 112ರದಾ?

ಸದ್ಯಕ್ಕೆ ಎರಡೂ ಬೇಡ. ಬಾಡಿಗೆ ಮನೆಗೆ ಬಂದು ತಿಂಗಳಾಯಿತು, ಗ್ಯಾಸ್ ಬಾಯ್ಲರ್ ಇದೆ, ಹೋಲಿಕೆ ತಾಣದಲ್ಲಿ (ಕಂಪನಿಗಳ ದರ ಹೋಲಿಸಿ ತೋರಿಸುವ ವೆಬ್‌ಸೈಟ್) ಒಂದು ಕಂಪನಿ 95 ಪೌಂಡ್ ತೋರಿಸುತ್ತಿದೆ, ಲಿವರ್‌ಪೂಲ್‌ನ ಸ್ನೇಹಿತರು ಹೇಳಿದ ಕಂಪನಿ 112 ತೋರಿಸುತ್ತಿದೆ, ಪ್ರೈಸ್ ಕ್ಯಾಪ್ (ನಿಯಂತ್ರಕ ಸಂಸ್ಥೆ ಹಾಕುವ ಮಿತಿ) ಇರುವುದರಿಂದ ಹೇಗೂ ಬಿಲ್ ಒಂದು ಮಿತಿ ದಾಟುವುದಿಲ್ಲ ಎಂದು ಬರೆದಿದ್ದೀರಿ. ಆ 95, 112 ಯಾವುದೂ ಬೆಲೆಯೇ ಅಲ್ಲ. ವರ್ಷಕ್ಕೆ ನೀವು ಇಷ್ಟು ಬಳಸುತ್ತೀರಿ ಎಂದು ಒಂದು ಅಂದಾಜು ಹಿಡಿದು, ಅದರ ಖರ್ಚನ್ನು ಹನ್ನೆರಡು ಕಂತು ಮಾಡಿ ತೋರಿಸಿದ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು ತಾನಾಗಿ ಹೋಗುವ ಹಣ) ಅದು. ಅಂದಾಜು ಸಣ್ಣದಾದರೆ ಕಂತೂ ಸಣ್ಣದು, ಅಷ್ಟೇ. ಆ ಅಂದಾಜು ಎಲ್ಲಿಂದ ಬಂತು ಅನ್ನುವುದನ್ನು ನೋಡದೆ ಮುಂದೆ ಹೋಗಿದ್ದಕ್ಕೆ ನಾನು ಒಂದು ವರ್ಷ ದಂಡ ತೆತ್ತಿದ್ದೇನೆ. ಅದನ್ನೇ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಯೂನಿಟ್ ಅಂದರೆ ಒಂದೇ ಅರ್ಥ: ಒಂದು ಕಿಲೋವ್ಯಾಟ್-ಅವರ್. ‘ಈ ತಿಂಗಳು 120 ಯೂನಿಟ್ ಬಂದಿದೆ’ ಅಂದರೆ ಮುಗಿಯಿತು. ಆ ಅಭ್ಯಾಸದಲ್ಲೇ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದ ಗ್ಯಾಸ್ ಮೀಟರನ್ನೂ ಓದಿದೆ. ಕಪ್ಪು ಹಿನ್ನೆಲೆಯಲ್ಲಿ ಐದು ಬಿಳಿ ಅಂಕಿ, ಒಂದು ಚುಕ್ಕಿ, ಆಮೇಲೆ ಕೆಂಪು ಅಂಕಿಗಳು. ಹಿಂದಿನ ಅಕ್ಟೋಬರ್ 1ಕ್ಕೆ 04312 ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ, ಮರುವರ್ಷದ ಅಕ್ಟೋಬರ್ 1ಕ್ಕೆ 05392 ಇತ್ತು. ಕಳೆದರೆ 1,080. ಹೋಲಿಕೆ ತಾಣ ‘ವರ್ಷಕ್ಕೆ ಎಷ್ಟು ಗ್ಯಾಸ್ ಬಳಸುತ್ತೀರಿ’ ಎಂದು ಕೇಳಿದಾಗ 1,080 ಎಂದು ಹಾಕಿದೆ. ಆ ಖಾನೆ ಕೇಳುತ್ತಿದ್ದದ್ದು ಕಿಲೋವ್ಯಾಟ್-ಅವರ್‌ನಲ್ಲಿ. ನಾನು ಕೊಟ್ಟದ್ದು ಘನ ಮೀಟರಿನಲ್ಲಿ.

ಗ್ಯಾಸ್ ಮೀಟರ್ ಅಳೆಯುವುದು ಕೊಳವೆಯಲ್ಲಿ ಹಾದುಹೋದ ಗ್ಯಾಸಿನ ಗಾತ್ರವನ್ನು. ಬಿಲ್ ಹಾಕುವುದು ಅದರಲ್ಲಿರುವ ಶಾಖಕ್ಕೆ. ನಡುವೆ ಒಂದು ಲೆಕ್ಕವಿದೆ, ನಿಮ್ಮ ಬಿಲ್ಲಿನ ಹಿಂಬದಿಯಲ್ಲೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಘನ ಮೀಟರನ್ನು 1.02264ರಿಂದ ಗುಣಿಸಬೇಕು (ಇದು ತಾಪಮಾನ, ಒತ್ತಡಕ್ಕೆ ಮಾಡುವ ತಿದ್ದುಪಡಿ), ಬಂದದ್ದನ್ನು ಕ್ಯಾಲೊರಿಫಿಕ್ ವ್ಯಾಲ್ಯೂನಿಂದ ಗುಣಿಸಬೇಕು, ಕೊನೆಗೆ 3.6ರಿಂದ ಭಾಗಿಸಬೇಕು. ಕ್ಯಾಲೊರಿಫಿಕ್ ವ್ಯಾಲ್ಯೂ ಅಂದರೆ ಒಂದು ಘನ ಮೀಟರ್ ಗ್ಯಾಸ್ ಉರಿದರೆ ಎಷ್ಟು ಮೆಗಾಜೂಲ್ ಶಾಖ ಬರುತ್ತದೆ ಅನ್ನುವುದು. ಅದು ಊರಿಂದ ಊರಿಗೆ, ದಿನದಿಂದ ದಿನಕ್ಕೆ ಸ್ವಲ್ಪ ಬದಲಾಗುತ್ತದೆ, ಬಿಲ್ಲಿನಲ್ಲಿ ಅಚ್ಚಾಗಿರುತ್ತದೆ. ನನ್ನದರಲ್ಲಿ 39.5 ಇತ್ತು. ಹಾಗಾಗಿ 1,080 × 1.02264 × 39.5 ÷ 3.6, ಅಂದರೆ 12,118 ಕಿಲೋವ್ಯಾಟ್-ಅವರ್. ಒಂದು ಘನ ಮೀಟರಿಗೆ ಸುಮಾರು 11.2. ನಾನು ಕೊಟ್ಟ ಅಂಕಿ ನಿಜವಾದ ಬಳಕೆಯ ಹನ್ನೊಂದನೇ ಒಂದು ಪಾಲಿನಷ್ಟಿತ್ತು.

ಬಳಕೆ ಕಡಿಮೆ ಹೇಳಿದರೂ ಎಲ್ಲ ಕಂಪನಿಗಳಿಗೂ ಅದೇ ಅಂಕಿ ತಾನೇ, ಅಗ್ಗದ್ದು ಅಗ್ಗದ್ದಾಗಿಯೇ ಉಳಿಯುತ್ತದಲ್ಲ ಎಂದು ಅನಿಸಬಹುದು. ಉಳಿಯುವುದಿಲ್ಲ. ಪ್ರತಿ ಟ್ಯಾರಿಫ್‌ನಲ್ಲೂ (ಕಂಪನಿಯ ದರದ ಯೋಜನೆ) ಎರಡು ದರಗಳಿವೆ: ಬಳಸಿದರೂ ಬಳಸದಿದ್ದರೂ ದಿನಕ್ಕಿಷ್ಟು ಎಂದು ಕಟ್ಟುವ ಸ್ಟ್ಯಾಂಡಿಂಗ್ ಚಾರ್ಜ್, ಮತ್ತು ಬಳಸಿದ ಒಂದೊಂದು ಕಿಲೋವ್ಯಾಟ್-ಅವರ್‌ಗೆ ಯೂನಿಟ್ ರೇಟ್. ನನ್ನ ಮುಂದಿದ್ದ ಮೊದಲನೇ ಯೋಜನೆಯಲ್ಲಿ ದಿನಕ್ಕೆ 10 ಪೆನ್ಸ್, ಯೂನಿಟ್‌ಗೆ 8 ಪೆನ್ಸ್. ಎರಡನೆಯದರಲ್ಲಿ ದಿನಕ್ಕೆ 30, ಯೂನಿಟ್‌ಗೆ 6. ನನ್ನ ತಪ್ಪು 1,080ಕ್ಕೆ ಮೊದಲನೆಯದು ವರ್ಷಕ್ಕೆ 122.90 ಪೌಂಡ್, ಎರಡನೆಯದು 174.30. ಐವತ್ತೊಂದು ಪೌಂಡ್ ಉಳಿಯಿತು ಎಂದು ಮೊದಲನೆಯದಕ್ಕೆ ಒಪ್ಪಿಗೆ ಕೊಟ್ಟೆ. ಸರಿಯಾದ 12,118ಕ್ಕೆ ಲೆಕ್ಕ ಹಾಕಿ ನೋಡಿ: ಮೊದಲನೆಯದು 1,005.94, ಎರಡನೆಯದು 836.58. ಪಟ್ಟಿ ತಲೆಕೆಳಗಾಯಿತು. 169 ಪೌಂಡ್ ಕೈಬಿಟ್ಟು ಹೋಯಿತು.

ಪಟ್ಟಿ ಎಲ್ಲಿ ತಿರುಗುತ್ತದೆ ಅನ್ನುವುದನ್ನು ಎರಡು ಗೆರೆಯಲ್ಲಿ ಕಂಡುಹಿಡಿಯಬಹುದು. ಎರಡು ಸ್ಟ್ಯಾಂಡಿಂಗ್ ಚಾರ್ಜ್‌ಗಳ ವ್ಯತ್ಯಾಸವನ್ನು 365ರಿಂದ ಗುಣಿಸಿ, ಯೂನಿಟ್ ರೇಟ್‌ಗಳ ವ್ಯತ್ಯಾಸದಿಂದ ಭಾಗಿಸಿ. ಇಲ್ಲಿ 20 × 365 ÷ 2, ಅಂದರೆ 3,650. ವರ್ಷಕ್ಕೆ 3,650 ಕಿಲೋವ್ಯಾಟ್-ಅವರ್‌ಗಿಂತ ಕಡಿಮೆ ಗ್ಯಾಸ್ ಬಳಸುವ ಮನೆಗೆ ಮೊದಲನೆಯದು ಒಳ್ಳೆಯದು, ಹೆಚ್ಚು ಬಳಸುವ ಮನೆಗೆ ಎರಡನೆಯದು. ಅದಕ್ಕೇ ‘ಯಾವ ಕಂಪನಿ ಅಗ್ಗ’ ಅನ್ನುವ ಪ್ರಶ್ನೆಗೆ ಉತ್ತರವಿಲ್ಲ ಅನ್ನುತ್ತೇನೆ. ಒಂದೇ ಕಂಪನಿಯ ಒಂದೇ ಟ್ಯಾರಿಫ್ ನಿಮಗೆ ದುಬಾರಿಯಾಗಿ, ಪಕ್ಕದ ಮನೆಯವರಿಗೆ ಅಗ್ಗವಾಗಿರುತ್ತದೆ.

ಜನವರಿ ಕೊನೆಗೆ ರೀಡಿಂಗ್ ಕೊಟ್ಟಾಗ ವಿಷಯ ಹೊರಬಿತ್ತು. ನಾಲ್ಕು ಚಳಿ ತಿಂಗಳಲ್ಲಿ 583 ಘನ ಮೀಟರ್, ಸುಮಾರು 6,540 ಕಿಲೋವ್ಯಾಟ್-ಅವರ್. ಗ್ಯಾಸಿನ ಬಿಲ್ಲು 535 ಪೌಂಡ್ ಚಿಲ್ಲರೆ; ಗ್ಯಾಸಿನ ಪಾಲಿಗೆ ಅಷ್ಟರಲ್ಲಿ ಕಟ್ಟಿದ್ದು ತಿಂಗಳಿಗೆ ಹತ್ತರಂತೆ ನಲವತ್ತೊಂದು. ಹೆಚ್ಚುಕಡಿಮೆ 495 ಬಾಕಿ. ಇಂಥ ಹೊತ್ತಿನಲ್ಲಿ ಇಡೀ ಬಾಕಿಯನ್ನೇ ನಷ್ಟ ಎಂದುಕೊಂಡು ಗಾಬರಿಯಲ್ಲಿ ಕಂಪನಿ ಬಿಡುವವರೇ ಹೆಚ್ಚು. ಬಾಕಿ ಬೇರೆ, ನಷ್ಟ ಬೇರೆ. ಉರಿಸಿದ ಗ್ಯಾಸಿಗೆ ಯಾವ ಕಂಪನಿಯಾದರೂ ದುಡ್ಡು ಕೇಳುತ್ತಿತ್ತು. ಉಳಿದ ಎಂಟು ತಿಂಗಳಿಗೆ ಬಿಟ್ಟು ಹೋದರೆ ಎಷ್ಟು ಉಳಿಯುತ್ತದೆ ಎಂದು ನೋಡಬೇಕು: 5,577 ಯೂನಿಟ್‌ಗೆ 2 ಪೆನ್ಸ್‌ನಂತೆ 111.54 ಉಳಿತಾಯ, 242 ದಿನಕ್ಕೆ 20 ಪೆನ್ಸ್‌ನಂತೆ 48.40 ಹೆಚ್ಚಿನ ಸ್ಟ್ಯಾಂಡಿಂಗ್ ಚಾರ್ಜ್. ನಿವ್ವಳ 63 ಪೌಂಡ್. ಎಕ್ಸಿಟ್ ಫೀ, ಅಂದರೆ ಅವಧಿಗೆ ಮೊದಲೇ ಬಿಟ್ಟರೆ ಕಟ್ಟುವ ಶುಲ್ಕ, 75 ಇತ್ತು. ಹಾಗಾಗಿ ಅಲ್ಲೇ ಉಳಿದೆ. ಬಿಡುವ ಪ್ರಶ್ನೆ ಬಂದಾಗಲೆಲ್ಲ ಈ ಕಳೆಯುವ ಲೆಕ್ಕ ಮಾಡಿ. ಫಿಕ್ಸ್ಡ್ ಒಪ್ಪಂದದ (ಗೊತ್ತಾದ ಅವಧಿಯವರೆಗೆ ದರ ಬದಲಾಗದ್ದು) ಕೊನೆಯ 49 ದಿನಗಳಲ್ಲಿ ಎಕ್ಸಿಟ್ ಫೀ ಹಾಕುವಂತಿಲ್ಲ ಎಂಬ ನಿಯಮವಿದೆ, ಅಂಥ ಒಪ್ಪಂದ ಹಿಡಿದರೆ ಆ ತಾರೀಕನ್ನು ಅವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಸುಳಿವು ಕಣ್ಣೆದುರಿಗೇ ಇತ್ತು. ಬಾಯ್ಲರ್, ರೇಡಿಯೇಟರ್ ಇರುವ ಮನೆಗೆ ವರ್ಷಕ್ಕೆ 123 ಪೌಂಡ್ ಗ್ಯಾಸ್ ಎಂದು ಪರದೆಯ ಮೇಲೆ ಬಂದರೆ ಅಲ್ಲೇ ನಿಲ್ಲಬೇಕು. ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2023ರ ಅಕ್ಟೋಬರ್‌ನಲ್ಲಿ ಸಾಧಾರಣ ಮನೆಗೆ ಇಟ್ಟುಕೊಂಡ ಅಳತೆ ವರ್ಷಕ್ಕೆ 11,500 ಕಿಲೋವ್ಯಾಟ್-ಅವರ್ ಗ್ಯಾಸ್, 2,700 ಕಿಲೋವ್ಯಾಟ್-ಅವರ್ ಕರೆಂಟ್. ನಿಮ್ಮ ಅಂಕಿ ಇದರಿಂದ ಹತ್ತು ಪಟ್ಟು ದೂರವಿದ್ದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ.

ಈಗ ನಿಮ್ಮ ಕಪಾಟು ತೆಗೆದು ಮೀಟರ್ ನೋಡಿ. ಮುಖದ ಮೇಲೆ ‘ಎಂ’ ಅಕ್ಷರ, ಅದರ ತಲೆಯ ಮೇಲೆ ಸಣ್ಣ 3 ಇದ್ದರೆ ಘನ ಮೀಟರ್. ಚುಕ್ಕಿಯ ನಂತರದ ಅಂಕಿ ಬಿಡಿ, ಅದನ್ನೂ ಸೇರಿಸಿ ಬರೆದು ಸಾವಿರ ಪಟ್ಟು ಬಿಲ್ ತರಿಸಿಕೊಂಡವರಿದ್ದಾರೆ. ‘ಎಫ್‌ಟಿ’ ಮತ್ತು 3 ಇದ್ದು ನಾಲ್ಕೇ ಅಂಕಿ ಇದ್ದರೆ ಅದು ಹಳೇ ಮೀಟರ್, ನೂರು ಘನ ಅಡಿಗೆ ಒಂದು ಯೂನಿಟ್. ಆಗ ಮೊದಲು 2.83ರಿಂದ ಗುಣಿಸಿ ಘನ ಮೀಟರ್ ಮಾಡಿಕೊಂಡು, ಆಮೇಲೆ ಮೇಲಿನ ಲೆಕ್ಕ. ಬಿಲ್ಲಿನಲ್ಲೂ ಮೀಟರಿನ ಮಾದರಿ ಸರಿಯಾಗಿದೆಯೇ ನೋಡಿ. ಮೀಟರ್ ಬದಲಾಯಿಸಿಯೂ ಕಡತದಲ್ಲಿ ಹಳೇ ಮಾದರಿಯೇ ಉಳಿದಿದ್ದರೆ ಬಿಲ್ 2.83 ಪಟ್ಟು ಬರುತ್ತದೆ, ಆಗ ಯಾವ ಅಗ್ಗದ ಟ್ಯಾರಿಫ್ ಹಿಡಿದರೂ ಪ್ರಯೋಜನವಿಲ್ಲ.

ನಿಮ್ಮ ಹತ್ತಿರ ಒಂದು ವರ್ಷದ ರೀಡಿಂಗ್ ಇಲ್ಲ, ಒಂದು ತಿಂಗಳಿನದು ಮಾತ್ರ. ಅದನ್ನು ಹನ್ನೆರಡರಿಂದ ಗುಣಿಸಬೇಡಿ. ಇಲ್ಲಿ ಗ್ಯಾಸಿನ ಬಹುಪಾಲು ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಉರಿದುಹೋಗುತ್ತದೆ. ಬೇಸಿಗೆಯ ತಿಂಗಳು ಹಿಡಿದು ಗುಣಿಸಿದರೆ ತೀರಾ ಕಡಿಮೆ, ಜನವರಿ ಹಿಡಿದರೆ ವಿಪರೀತ ಹೆಚ್ಚು. ಮನೆಯ ಇಪಿಸಿ (ಇಂಧನ ದಕ್ಷತೆಯ) ಪ್ರಮಾಣಪತ್ರವನ್ನು ಸರ್ಕಾರದ ತಾಣದಲ್ಲಿ ವಿಳಾಸ ಹಾಕಿ ಉಚಿತವಾಗಿ ನೋಡಬಹುದು. ಮನೆ ಬೆಚ್ಚಗಿಡಲು, ನೀರು ಕಾಯಿಸಲು ವರ್ಷಕ್ಕೆ ಎಷ್ಟು ಕಿಲೋವ್ಯಾಟ್-ಅವರ್ ಬೇಕು ಎಂಬ ಅಂದಾಜು ಅದರಲ್ಲಿ ಸಿಗುತ್ತದೆ. ಸದ್ಯದ ಕಂಪನಿಯ ಬಿಲ್ಲಿನಲ್ಲೂ ‘ಅಂದಾಜು ವಾರ್ಷಿಕ ಬಳಕೆ’ ಎಂದು ಒಂದು ಸಾಲು ಇರುತ್ತದೆ. ಅದು ಹಿಂದಿನ ಬಾಡಿಗೆದಾರರ ಬಳಕೆಯನ್ನು ಆಧರಿಸಿರಬಹುದು, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಎರಡನ್ನೂ ಇಟ್ಟುಕೊಂಡು ಒಂದು ಕಡಿಮೆ ಅಂದಾಜಿಗೆ, ಒಂದು ಹೆಚ್ಚು ಅಂದಾಜಿಗೆ ಲೆಕ್ಕ ಹಾಕಿ. ಎರಡಕ್ಕೂ ಒಂದೇ ಟ್ಯಾರಿಫ್ ಗೆದ್ದರೆ ಧೈರ್ಯವಾಗಿ ತಗೊಳ್ಳಿ. ಬೇರೆ ಬೇರೆ ಗೆದ್ದರೆ ಚಳಿಗಾಲದ ರೀಡಿಂಗ್ ಬರುವವರೆಗೆ ಕಾಯಿರಿ. ಮನೆಗೆ ಬಂದ ದಿನದಿಂದ ಯಾವ ಒಪ್ಪಂದವನ್ನೂ ನೀವು ಆರಿಸಿಕೊಂಡಿಲ್ಲದಿದ್ದರೆ ಸಾಮಾನ್ಯವಾಗಿ ವೇರಿಯಬಲ್ (ದರ ಆಗಾಗ ಬದಲಾಗುವ) ಟ್ಯಾರಿಫ್‌ನಲ್ಲಿರುತ್ತೀರಿ. ಅದಕ್ಕೆ ಎಕ್ಸಿಟ್ ಫೀ ಇಲ್ಲ, ಅವಸರವೂ ಇಲ್ಲ.

ಪ್ರೈಸ್ ಕ್ಯಾಪ್ ವಿಷಯದಲ್ಲಿ ನಿಮ್ಮ ನಂಬಿಕೆ ತಪ್ಪು. 2019ರ ಜನವರಿಯಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಜಾರಿಯಲ್ಲಿರುವ ಆ ಮಿತಿ ಇರುವುದು ವೇರಿಯಬಲ್ ಟ್ಯಾರಿಫ್‌ನ ಯೂನಿಟ್ ರೇಟ್‌ಗೆ ಮತ್ತು ಸ್ಟ್ಯಾಂಡಿಂಗ್ ಚಾರ್ಜ್‌ಗೆ. ಸುದ್ದಿಯಲ್ಲಿ ಬರುವ ವಾರ್ಷಿಕ ಮೊತ್ತ ಆ ಸಾಧಾರಣ ಮನೆಯ ಅಂದಾಜು ಮಾತ್ರ. ಎರಡರಷ್ಟು ಬಳಸಿದರೆ ಬಿಲ್ಲೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ತಡೆಯುವ ಮಿತಿ ಯಾವುದೂ ಇಲ್ಲ. ದರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕಿಗೆ ಬದಲಾಗುತ್ತದೆ. ‘ಕ್ಯಾಪ್‌ಗಿಂತ ಇಷ್ಟು ಕಡಿಮೆ’ ಎಂದು ಮಾರುವ ಟ್ಯಾರಿಫ್ ಕ್ಯಾಪ್ ಏರಿದಾಗ ತಾನೂ ಏರುತ್ತದೆ. ಫಿಕ್ಸ್ಡ್‌ನಲ್ಲಿ ದರ ಕಟ್ಟಿಹಾಕಿರುತ್ತದೆ, ಬಿಲ್ ಅಲ್ಲ. ನನ್ನ ಮಟ್ಟಿಗೆ ಇವತ್ತಿನ ಕ್ಯಾಪ್‌ಗಿಂತ ಕಡಿಮೆ ಯೂನಿಟ್ ರೇಟ್ ಇದ್ದು, ಎಕ್ಸಿಟ್ ಫೀ ಸಣ್ಣದಾಗಿದ್ದರೆ ಫಿಕ್ಸ್ಡ್ ಹಿಡಿಯುವುದೇ ಸರಿ.

ಲಿವರ್‌ಪೂಲ್‌ನ ಸ್ನೇಹಿತರ ದರವೇ ನಿಮಗೂ ಅನ್ವಯಿಸಬೇಕೆಂದಿಲ್ಲ. ಕರೆಂಟ್ ಸರಬರಾಜಿಗೆ ದೇಶವನ್ನು 14 ಪ್ರದೇಶಗಳಾಗಿ ಹಂಚಿದ್ದಾರೆ, ಸ್ಟ್ಯಾಂಡಿಂಗ್ ಚಾರ್ಜ್ ಒಂದೊಂದು ಕಡೆ ಒಂದೊಂದು. ನಿಮ್ಮದೇ ಪೋಸ್ಟ್‌ಕೋಡ್ ಹಾಕಿ ಬಂದ ದರ ಮಾತ್ರ ನಿಮ್ಮದು.

ಕರೆಂಟಿನ ಲೆಕ್ಕ ಸುಲಭ, ಮೀಟರಿನ ಯೂನಿಟ್ಟೇ ಕಿಲೋವ್ಯಾಟ್-ಅವರ್. ಎರಡು ರೀಡಿಂಗ್ ತೋರಿಸುವ ಎಕಾನಮಿ 7 ಮೀಟರ್ ಇದ್ದರೆ ಮಾತ್ರ ಎಚ್ಚರ ಬೇಕು: ರಾತ್ರಿಯ ಏಳು ಗಂಟೆ ಅಗ್ಗ, ಹಗಲು ಸಾಮಾನ್ಯ ದರಕ್ಕಿಂತ ದುಬಾರಿ. ಸಾಮಾನ್ಯ ದರ 25 ಪೆನ್ಸ್, ಹಗಲು 30, ರಾತ್ರಿ 15 ಎಂದಿಟ್ಟುಕೊಂಡರೆ ಬಳಕೆಯ ಮೂರನೇ ಒಂದು ಪಾಲು ರಾತ್ರಿ ಆದಾಗ ಎರಡೂ ಸಮ. ರಾತ್ರಿ ಕಾಯುವ ಸ್ಟೋರೇಜ್ ಹೀಟರೋ ಚಾರ್ಜ್ ಮಾಡುವ ಕಾರೋ ಇಲ್ಲದ ಮನೆ ಅಷ್ಟು ಮುಟ್ಟುವುದು ಕಷ್ಟ.

ಇನ್ನೊಂದು: ಗ್ಯಾಸ್, ಕರೆಂಟ್ ಒಂದೇ ಕಂಪನಿಯಲ್ಲಿ ಇರಲೇಬೇಕೆಂದಿಲ್ಲ, ಬೇರೆ ಬೇರೆ ಲೆಕ್ಕ ಹಾಕಿ. ದರದ ಪಕ್ಕದಲ್ಲಿ ವ್ಯಾಟ್ ತೆರಿಗೆ ಸೇರಿದೆಯೇ ನೋಡಿ. ಮನೆ ಬಳಕೆಗೆ ಶೇ 5, ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಸೇರದಿದ್ದರೆ ಹೋಲಿಕೆಯೇ ಕೆಡುತ್ತದೆ. ಹೋಲಿಕೆ ತಾಣದಲ್ಲಿ ‘ಎಲ್ಲ ಯೋಜನೆಗಳನ್ನೂ ತೋರಿಸು’ ಅನ್ನುವ ಗುಂಡಿ ಹುಡುಕಿ ಒತ್ತಿ, ಇಲ್ಲದಿದ್ದರೆ ಅವರ ಮೂಲಕವೇ ಬದಲಾಯಿಸಬಹುದಾದವು ಮಾತ್ರ ಕಾಣಬಹುದು. ಒಪ್ಪಿದ ಮೇಲೂ ಮನಸ್ಸು ಬದಲಿಸಲು 14 ದಿನವಿದೆ. ಬದಲಾಗುವ ದಿನ ಎರಡೂ ಮೀಟರಿನ ಫೋಟೋ ತೆಗೆದಿಡಿ, ಹಳೇ ಕಂಪನಿಯ ಕೊನೇ ರೀಡಿಂಗ್ ಮತ್ತು ಹೊಸಬರ ಮೊದಲ ರೀಡಿಂಗ್ ಒಂದೇ ಆಗಿರಬೇಕು.

ಆ 95ರದ್ದು, 112ರದ್ದು ಎರಡರ ಟ್ಯಾರಿಫ್ ವಿವರ ತೆರೆದು ಗ್ಯಾಸ್ ಮತ್ತು ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್, ಯೂನಿಟ್ ರೇಟ್, ಒಟ್ಟು ನಾಲ್ಕು ನಾಲ್ಕು ಅಂಕಿ, ಎಕ್ಸಿಟ್ ಫೀ, ಜೊತೆಗೆ ಎಷ್ಟು ಕಿಲೋವ್ಯಾಟ್-ಅವರ್ ಹಿಡಿದು ಆ ಕಂತು ಬಂದಿದೆ ಅನ್ನುವುದನ್ನು ಇಲ್ಲೇ ಕೆಳಗೆ ಬರೆಯಿರಿ. ಬಹುಶಃ 95ರ ಹಿಂದಿರುವ ಬಳಕೆಯ ಅಂದಾಜೇ ಚಿಕ್ಕದು. ಅಂಕಿ ಬಂದ ಮೇಲೆ ಎಷ್ಟು ಯೂನಿಟ್‌ಗೆ ಪಟ್ಟಿ ತಿರುಗುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ.